ಪರೀಕ್ಷೆ ಮುಗಿದ ಮೇಲೆ

“ಇನ್ನೂ ಸ್ವಲ್ಪ ಬಾಯಿ ತೆರಿ.”

ಯೂಚಿನ್ ತೆರೆದಳು. ಪೈಲಿನ್ ಫೋನನ್ನು ತುಸು ಕೆಳಗಿಳಿಸಿ, ಹೆಂಡತಿಯ ಬಾಯಿಯೂ ಎದುರಿನ ಕಟ್ಟಡದ ಹೊಟ್ಟೆಯಲ್ಲಿದ್ದ ತೂತೂ ಒಂದೇ ಗೆರೆಗೆ ಬರುವಂತೆ ಹಿಡಿದ. ಆ ತೂತಿನೊಳಗಿಂದ ರೈಲು ಹೊರಗೆ ಬರುತ್ತದೆ. ಸರಿಯಾದ ಕ್ಷಣಕ್ಕೆ ಒತ್ತಿದರೆ ಚಿತ್ರದಲ್ಲಿ ಅದನ್ನು ನುಂಗಿದಂತೆ ಕಾಣುತ್ತದೆ. ಚೊಂಗ್‌ಚಿಂಗ್‌ಗೆ ಬಂದವರು ರೈಲು ನುಂಗದೆ ಊರಿಗೆ ಮರಳುವುದಿಲ್ಲ. ಅವಳ ಅಕ್ಕಪಕ್ಕ ಬೇರೆ ಬೇರೆ ಪ್ರವಾಸಿ ಗುಂಪುಗಳ ಕಿತ್ತಳೆ ಟೋಪಿಯವರು, ಹಳದಿ ಟೋಪಿಯವರು, ಮುದುಕರು, ಹೊಸದಾಗಿ ಮದುವೆಯಾದವರು, ಎಲ್ಲರೂ ಬಿಸಿಲಲ್ಲಿ ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಹಲ್ಲಿನ ವೈದ್ಯನೊಬ್ಬನ ಕೆಟ್ಟ ಕನಸಿನ ಹಾಗಿತ್ತು.

ರೈಲು ತಡ ಮಾಡಿತು. ಆ ತಡದಲ್ಲಿ ಪೈಲಿನ್‌ಗೆ ಅವಳ ಬಾಯೊಳಗೆ ನೋಡಲು ಬೇಕಾದಷ್ಟು ಹೊತ್ತು ಸಿಕ್ಕಿತು. ಬಲಗಡೆ ದವಡೆಯ ಹಲ್ಲೊಂದಕ್ಕೆ ಬೆಳ್ಳಿಯ ಬಣ್ಣದ ಕವಚವಿತ್ತು.

“ಅದು ಯಾವಾಗ ಹಾಕಿಸಿದ್ದು?”

ಅವಳು ಉತ್ತರಿಸಲು ಬಾಯಿ ಮುಚ್ಚಿದಳು. ಅಷ್ಟರಲ್ಲಿ ರೈಲು ಬಂದು ಹೋಯಿತು.

“ಎರಡು ವರ್ಷ ಆಯ್ತು. ಚಿತ್ರ ಬಂತಾ?”

“ಬಂತು.”

ಚಿತ್ರದಲ್ಲಿ ತುಟಿ ಬಿಗಿದ ಹೆಂಗಸೊಬ್ಬಳ ಕಿವಿಯೊಳಗೆ ರೈಲು ಹೋಗುತ್ತಿತ್ತು. ಅವಳು ಅದನ್ನು ನೋಡಿ, ಚೆನ್ನಾಗಿದೆ ಎಂದು ಹೇಳಿ, ಮಗಳಿಗೆ ಕಳಿಸಿದಳು.

ಮೂರು ವರ್ಷಗಳ ಹಿಂದೆ ಒಂದು ಸಂಜೆ, ಕೈಫೆಂಗ್‌ನ ತಮ್ಮ ಮನೆಯ ಅಡುಗೆಮನೆಯಲ್ಲಿ, ಜಗಳವೇನೂ ಇಲ್ಲದೆ, ಅವರಿಬ್ಬರೂ ಬೇರೆಯಾಗುವುದೆಂದು ಒಪ್ಪಿಕೊಂಡಿದ್ದರು. ಮಗಳು ಯಾಯಾ ಆಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಳು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಾಗುವ ತನಕ ಅವಳ ತಲೆ ಕೆಡಿಸಬಾರದು. “ಪರೀಕ್ಷೆ ಮುಗಿದ ಮೇಲೆ” ಎಂದು ಒಬ್ಬರು ಅಂದರು. “ಆಗಲಿ” ಎಂದು ಇನ್ನೊಬ್ಬರು. ಯಾರು ಯಾವುದನ್ನು ಅಂದದ್ದೆಂದು ಪೈಲಿನ್‌ಗೆ ಈಗ ನೆನಪಿಲ್ಲ. ಇದರಲ್ಲಿ ಹೊಸತೇನೂ ಇರಲಿಲ್ಲ. ಅವನು ರಸಾಯನಶಾಸ್ತ್ರ ಕಲಿಸುವ ಶಾಲೆಯಲ್ಲಿ, ಕೊನೆಯ ವರ್ಷದ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಎಷ್ಟು ಮಂದಿ ಹೀಗೆ ಕಾಯುತ್ತಿದ್ದಾರೆಂದು ಅಧ್ಯಾಪಕರು ಚಹಾ ಕುಡಿಯುತ್ತ ಲೆಕ್ಕ ಹಾಕಿ ನಗುತ್ತಿದ್ದರು. ಪೈಲಿನ್ ಕೂಡ ನಗುತ್ತಿದ್ದ.

ಆ ಸಂಜೆಯ ನಂತರ ಮಗಳ ಓದಿಗಾಗಿ ಮನೆ ಸದ್ದಡಗಿತು. ಟೀವಿಗೆ ಬಟ್ಟೆ ಹೊದಿಸಿದರು. ಕುರ್ಚಿಯ ಕಾಲುಗಳಿಗೆ ಹತ್ತಿ ಕಟ್ಟಿದರು. ಒಬ್ಬರು ಹಣ್ಣು ಹೆಚ್ಚಿದರೆ ಇನ್ನೊಬ್ಬರು ತಟ್ಟೆ ಹಿಡಿದರು. ಇಬ್ಬರ ನಡುವೆ ಹಿಂದೆಂದೂ ಇಲ್ಲದ ಮರ್ಯಾದೆ ಬಂತು. ಅವನು ಅವಳನ್ನು “ಯಾಯಾ ಅಮ್ಮ” ಎಂದೂ ಅವಳು ಅವನನ್ನು “ಯಾಯಾ ಅಪ್ಪ” ಎಂದೂ ಕರೆಯುವುದು ಮೊದಲಿನಿಂದಲೂ ಇತ್ತು. ಈಗ ಬೇರೆ ಹೆಸರೇ ಉಳಿಯಲಿಲ್ಲ.

ಜೂನ್‌ನಲ್ಲಿ ಪರೀಕ್ಷೆ ಮುಗಿಯಿತು. ಅಂಕ ಬಂತು. ದೂರದ ಹಾರ್ಬಿನ್‌ನಲ್ಲಿ ಸೀಟು ಸಿಕ್ಕಿತು. ಬೇರೆಯಾಗುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಯಾಯಾಳೇ ಫೋನಿನಲ್ಲಿ ಈ ಪ್ರವಾಸ ಗೊತ್ತುಮಾಡಿ, ನನ್ನಿಂದಾಗಿ ನೀವಿಬ್ಬರೂ ಎಲ್ಲೂ ಹೋಗಲಿಲ್ಲ, ಇನ್ನಾದರೂ ಜೊತೆಯಾಗಿ ತಿರುಗಾಡಿ ಎಂದು ಇಬ್ಬರನ್ನೂ ಸ್ಟೇಷನ್ನಿಗೆ ಅಟ್ಟಿದಳು.

ಯೂಚಿನ್‌ಗೆ ಅಡುಗೆಮನೆಯ ಆ ಮಾತು ನೆನಪಿದೆಯೋ ಇಲ್ಲವೋ, ಇಷ್ಟು ಮಾತ್ರ ಪೈಲಿನ್‌ಗೆ ತಿಳಿಯಬೇಕಿತ್ತು. ಊರಿಗೆ ಮರಳುವ ಮೊದಲು ತಿಳಿಯಬೇಕಿತ್ತು. ನಾಳೆ ಬೆಳಿಗ್ಗೆ ಅವರ ರೈಲು. ಅವಳು ಮರೆತಿದ್ದರೆ ತಾನು ಉಳಿಯುತ್ತೇನೆ, ನೆನಪಿಟ್ಟಿದ್ದರೆ ಹೊರಡುತ್ತೇನೆ ಎಂದು ಅವನು ತೀರ್ಮಾನಿಸಿದ್ದ. ಈ ತೀರ್ಮಾನದಲ್ಲಿ ತನಗೆ ಏನು ಬೇಕೆನ್ನುವುದಕ್ಕೆ ಜಾಗವೇ ಇಲ್ಲವೆಂಬುದು ಅವನಿಗೆ ಹೊಳೆದದ್ದು ಬಸ್ಸಿನಲ್ಲಿ, ಕಿಟಕಿಯ ಆಚೆ ಒಂದರ ತಲೆಯ ಮೇಲೊಂದು ಹೋಗುವ ರಸ್ತೆಗಳನ್ನು ನೋಡುತ್ತಿದ್ದಾಗ.

ಮಾರ್ಗದರ್ಶಿ ತಾನ್ ಎಂಬಾತ ಐವತ್ತರ ಹತ್ತಿರದ, ಬೆವರಿನಲ್ಲೇ ಹುಟ್ಟಿದಂತಿದ್ದ ಸ್ಥಳೀಯ. ಸೊಂಟಕ್ಕೆ ಕಟ್ಟಿದ ಪುಟ್ಟ ಧ್ವನಿವರ್ಧಕದಲ್ಲಿ ಗುಂಪಿನವರನ್ನೆಲ್ಲ “ನಮ್ಮ ಮನೆಮಂದಿ” ಎಂದು ಕರೆಯುತ್ತಿದ್ದ. ಚೊಂಗ್‌ಚಿಂಗ್ ಗಂಡಸರ ಕಿವಿ ಬಲು ಮೆತ್ತಗೆ, ಹೆಂಡತಿ ಹಿಂಡಿ ಹಿಂಡಿ ಹಾಗಾಗಿದೆ ಎಂದು ತನ್ನ ಕಿವಿಯನ್ನೇ ಮಡಚಿ ತೋರಿಸಿದ. ಆಮೇಲೆ ಅವನ ಕಣ್ಣು ಪೈಲಿನ್ ಮೇಲೆ ಬಿತ್ತು. ಪೈಲಿನ್ ತೊಡೆಯ ಮೇಲೆ ಹೆಂಡತಿಯ ಬಿಸಿನೀರಿನ ಫ್ಲಾಸ್ಕು, ಹೆಂಡತಿಯ ಕೊಡೆ, ಹೆಂಡತಿಯ ಟೋಪಿ ಇದ್ದವು.

“ಈ ಮೇಷ್ಟ್ರನ್ನ ನೋಡಿ. ಬಯಲುಸೀಮೆಯಿಂದ ಬಂದಿದ್ದಾರೆ, ಆದ್ರೆ ಕಿವಿ ನಮ್ಮೂರದ್ದೇ.”

ಬಸ್ಸೆಲ್ಲ ಚಪ್ಪಾಳೆ ತಟ್ಟಿತು. ಯೂಚಿನ್ ನಕ್ಕಳು. ಪೈಲಿನ್ ಅವಳ ನಗುವನ್ನು ಓರೆಗಣ್ಣಿನಲ್ಲಿ ನೋಡಿದ. ಶುದ್ಧ ನೀರಿನಂತೆ ಅದರಲ್ಲಿ ಏನೂ ಕರಗಿರಲಿಲ್ಲ. ತಳದಲ್ಲಿ ಏನೂ ಉಳಿದಿರಲಿಲ್ಲ.

ಹಿಂದಿನ ಸೀಟಿನಲ್ಲಿ ನಿವೃತ್ತ ದಾದಿ ಶಾವ್ ಅಕ್ಕ ಇದ್ದಳು. ಮೊದಲ ದಿನದಿಂದಲೂ ಈ ದಂಪತಿಯನ್ನು ಬಾಯಿ ತುಂಬ ಹೊಗಳುತ್ತಿದ್ದವಳು ಅವಳೇ. ಒಬ್ಬರ ಮೇಲೊಬ್ಬರು ದನಿ ಎತ್ತಿದ್ದು ಕಾಣೆ ಎಂದು ಈಗ ಮತ್ತೊಮ್ಮೆ ಹೇಳಿ, ಮುಂದಕ್ಕೆ ಬಾಗಿ ತನ್ನ ತಂಗಿಯ ಮಗನ ಕತೆ ತೆಗೆದಳು. ಅವನ ಮಗಳೂ ಈ ಸಲವೇ ಪರೀಕ್ಷೆ ಬರೆದದ್ದಂತೆ. ಕೊನೆಯ ಪತ್ರಿಕೆ ಬರೆದು ಆ ಹುಡುಗಿ ಹೊರಗೆ ಬಂದ ವಾರದೊಳಗೆ ಗಂಡಹೆಂಡಿರು ವಿಚ್ಛೇದನಕ್ಕೆ ಮದುವೆ ಕಚೇರಿಯಲ್ಲಿ ಸಾಲು ನಿಂತರಂತೆ.

“ಅವರೊಬ್ಬರೇ ಅಂದ್ಕೋಬೇಡಿ. ಸಾಲು ಬಾಗಿಲ ತನಕ ಇತ್ತಂತೆ. ಎಲ್ಲಾ ನಿಮ್ಮಷ್ಟೇ ವಯಸ್ಸಿನವರು.”

ಪೈಲಿನ್ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸಿದ, ಮತ್ತೆ ತಿರುಗಿಸಿದ. ಯೂಚಿನ್ ಸೂರ್ಯಕಾಂತಿ ಬೀಜ ಒಡೆಯುತ್ತಿದ್ದಳು. ಒಡೆಯುವ ಲಯ ತಪ್ಪಲಿಲ್ಲ.

“ಅವರದ್ದೂ ಒಂದು ಪರೀಕ್ಷೆನೇ ಅಲ್ವಾ ಅಕ್ಕಾ” ಎಂದಳು.

ಸಿಪ್ಪೆಗಳನ್ನು ಚೀಲಕ್ಕೆ ಹಾಕಿ, ತಿರುಳುಗಳನ್ನು ಎಂದಿನಂತೆ ಅವನ ಅಂಗೈಗೆ ಸುರಿದಳು.

ಮುಂದಿನ ಎರಡು ತಾಣಗಳು ಪೈಲಿನ್‌ಗೆ ಕಾಣಲಿಲ್ಲ. ಒಂದು ದೇಗುಲವಿತ್ತು, ಒಂದು ಹಳೆಯ ಬೀದಿಯಿತ್ತು. ಅವನು ಹೆಂಡತಿಯ ಆ ಒಂದು ವಾಕ್ಯವನ್ನು ಪ್ರಯೋಗಾಲಯದ ದ್ರವದಂತೆ ಬೆಳಕಿಗೆ ಹಿಡಿದು ನೋಡುತ್ತಿದ್ದ. ನೆನಪಿರುವವಳು ಹಾಗೆ ಹೇಳಬಲ್ಲಳು. ನೆನಪಿಲ್ಲದವಳೂ ಹೇಳಬಲ್ಲಳು. ಯಾವ ಬಣ್ಣಕ್ಕೂ ತಿರುಗದ ವಾಕ್ಯ.

ಊಟ ಬೆಟ್ಟದ ಬದಿಯ ಹೋಟೆಲೊಂದರಲ್ಲಿ. ಮೇಜಿನ ನಡುವೆ ಕುದಿಯುವ ಕಡಾಯಿ. ಒಳಗೆ ಅಡ್ಡಲಾಗಿ ತಗಡಿನ ಗೋಡೆ, ಒಂದು ಕಡೆ ಒಣಮೆಣಸಿನ ಕೆಂಪು ಸಾರು, ಇನ್ನೊಂದು ಕಡೆ ಸಪ್ಪೆ ಬಿಳಿ ಸಾರು. ಅದಕ್ಕೆ ಜೋಡಿ ಬಾತುಕೋಳಿಯ ಕಡಾಯಿ ಎಂದು ಹೆಸರು. ಆ ಬಾತುಕೋಳಿಗಳು ಒಂದನ್ನೊಂದು ಬಿಟ್ಟಿರಲಾರವು, ಮದುವೆಯ ಹೊದಿಕೆಯ ಮೇಲೂ ಅವನ್ನೇ ಕಸೂತಿ ಹಾಕುತ್ತಾರೆ. ಬಡಿಸುವ ಹೆಂಗಸು ಬಿಳಿ ಸಾರನ್ನು ಕಂಡು ಮೂಗು ಮುರಿದಳು. ನಮ್ಮೂರಲ್ಲಿ ಇದನ್ನು ಕೈ ತೊಳೆಯಲಿಕ್ಕೂ ಇಡುವುದಿಲ್ಲ ಎಂದಳು.

ಪೈಲಿನ್ ಅಭ್ಯಾಸದಂತೆ ಹೆಂಡತಿಯ ಪಾಲಿನ ಮಾಂಸವನ್ನು ಬಿಳಿ ಕಡೆಗೆ ಬಿಟ್ಟ. ಯೂಚಿನ್ ಊಟದ ಕಡ್ಡಿ ಚಾಚಿ ಅದನ್ನು ಎತ್ತಿ ಕೆಂಪು ಕಡೆಗೆ ಹಾಕಿದಳು. ಬೆಂದ ಮೇಲೆ ಎಣ್ಣೆ ಸೋರುವಂತೆಯೇ ಬಾಯಿಗಿಟ್ಟಳು. ಕೆಮ್ಮಲಿಲ್ಲ. ಮತ್ತೊಂದು ತುಂಡು ಹಾಕಿದಳು.

“ನಿಂಗೆ ಖಾರ ಆಗಲ್ಲ.”

“ಯಾಯಾಗೆ ಆಗಲ್ಲ” ಎಂದಳು. “ನಂಗೆ ಏನೂ ಆಗಲ್ಲ.”

ಅವಳ ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು. ಮುಖ ಕೆಂಪಾಗಿ ಯಾರದ್ದೋ ಮುಖದಂತೆ ಕಂಡಿತು. ಇಷ್ಟು ವರ್ಷ ತನ್ನ ಎದುರು ಕೂತು ಸಪ್ಪೆ ಉಂಡ ಹೆಂಗಸು ಯಾರು? ಅವಳು ಕಾದದ್ದು ಯಾವುದಕ್ಕೆ? ಅವನು ಬಿಳಿ ಸಾರಿನಿಂದ ಎಲೆಕೋಸು ತೆಗೆದುಕೊಂಡ. ಅದಕ್ಕೆ ರುಚಿಯಿರಲಿಲ್ಲ, ಅದು ಅವನಿಗೆ ಹಿಡಿಸುತ್ತಿತ್ತು. ಹಾಗೆ ಹಿಡಿಸುವುದು ಈಗ ಮೊದಲ ಸಲ ಅವಮಾನವೆನಿಸಿತು.

ಸಂಜೆಗೆ ಕೊನೆಯ ತಾಣ. ನದಿಯಂಚಿನ ಬಂಡೆಗೆ ಆತುಕೊಂಡು ಮೇಲಕ್ಕೆ ಹತ್ತಿದ, ಹಳೆಯ ಮರದ ಮನೆಗಳ ಹಾಗೆ ಕಟ್ಟಿದ, ಅಂಗಡಿಗಳೇ ತುಂಬಿದ ಕಟ್ಟಡ. ದೀಪ ಹಚ್ಚುವುದನ್ನು ನೋಡಲು ಜನ ಎಲ್ಲ ಮೆಟ್ಟಿಲುಗಳಲ್ಲೂ ಒತ್ತಿಕೊಂಡಿದ್ದರು. ತಾನ್ ಬಾವುಟ ಎತ್ತಿ, ಮನೆಮಂದಿಯೆಲ್ಲ ಈಗ ಅವರವರ ಪಾಡಿಗೆ ಸುತ್ತಾಡಬಹುದು, ಕತ್ತಲಾದ ಮೇಲೆ ಬಸ್ಸಿನಲ್ಲಿ ಸಿಗೋಣ ಎಂದು ಸಾರಿ ಮಾಯವಾದ.

ಇಲ್ಲಿಯೇ ಕೇಳಿಬಿಡಬೇಕೆಂದು ಪೈಲಿನ್ ನಿಶ್ಚಯಿಸಿದ. ಆದರೆ ಯೂಚಿನ್ ಯಾಯಾಗೆ ಹಿಟ್ಟು ಹೊಸೆದು ಕರಿದ ತಿಂಡಿ ಕೊಳ್ಳಬೇಕೆಂದಳು. ಅಂಗಡಿಯ ಮುಂದೆ ನೂಕುನುಗ್ಗಲು. ಅವನಿಗೆ ಒಂದು ಸಿಗರೇಟು ಬೇಕಿತ್ತು.

“ನೀನು ಹೊರಗಿರು” ಎಂದಳು.

“ಎಲ್ಲಿ?”

“ನೆಲದ ಮೇಲೆ. ರಸ್ತೆ ಹತ್ರ. ಬಂದುಬಿಡ್ತೀನಿ.”

ಕೈಫೆಂಗ್ ಅಂಗೈಯಂತೆ ಸಪಾಟಾದ ಊರು. ಅಲ್ಲಿ ಕಟ್ಟಡದಿಂದ ಹೊರಗೆ ಬಂದರೆ ನೆಲ. ನೆಲಕ್ಕೆ ಇಳಿದರೆ ರಸ್ತೆ. ಅವನು ಜನರ ಹೊಳೆ ಹರಿದತ್ತ ಹರಿದ. ಚಲಿಸುವ ಮೆಟ್ಟಿಲು ಏರಿ, ಓಣಿಯೊಂದನ್ನು ದಾಟಿ, ಬಾಗಿಲು ಹಾದ. ರಸ್ತೆ ಸಿಕ್ಕಿತು. ಬಸರಿ ಮರದ ಕೆಳಗೆ ಬಸ್ ನಿಲ್ದಾಣ, ಹಾರ್ನು ಬಾರಿಸುವ ಕಾರುಗಳು, ನಾಯಿ ಹಿಡಿದು ಹೋಗುವ ಮುದುಕ. ಕಾಲಡಿಯ ನೆಲ ಗಟ್ಟಿಯಾಗಿತ್ತು. ಸಿಗರೇಟು ಹಚ್ಚಿದ.

ವಾಕ್ಯವನ್ನು ಸಿದ್ಧ ಮಾಡಿಕೊಂಡ. ಪ್ರಶ್ನೆಯಂತೆ ಇರಬಾರದು. ಆರೋಪದಂತೆಯೂ ಇರಬಾರದು. ಇನ್ನೊಂದು ಸಿಗರೇಟು ಹಚ್ಚಿದ. ಅವಳು ಬರಲಿಲ್ಲ. ಕರೆದು ನೋಡೋಣವೆಂದು ಬಾಗಿಲ ಕಡೆ ಬಾಯಿ ತೆರೆದ. ಇಷ್ಟು ಜನರ ನಡುವೆ “ಯಾಯಾ ಅಮ್ಮ” ಎಂದು ಕೂಗಲು ನಾಚಿಕೆಯಾಯಿತು. “ಯೂಚಿನ್” ಎನ್ನಲು ಹೋದ. ನಾಲಿಗೆ ಆ ಹೆಸರನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಅವಳದೇ ಫೋನು ಬಂತು.

“ಎಲ್ಲಿದ್ದೀಯ ಯಾಯಾ ಅಪ್ಪ?”

“ಇಲ್ಲೇ. ರಸ್ತೆ ಹತ್ರ.”

“ನಾನೂ ರಸ್ತೆ ಹತ್ರನೇ ಇದ್ದೀನಿ. ಬಸ್‌ಸ್ಟಾಪ್ ಇದೆ.”

“ಮರ ಇದೆಯಾ, ದೊಡ್ಡದು?”

“ಇದೆ. ಅದರ ಬುಡದಲ್ಲೇ ನಿಂತಿದ್ದೀನಿ.”

ಪೈಲಿನ್ ಮರದ ಸುತ್ತ ಒಂದು ಸುತ್ತು ಬಂದ. ಬುಡದಲ್ಲಿ ತಂಪು ಜೆಲ್ಲಿ ಮಾರುವ ಹೆಂಗಸೊಬ್ಬಳು ಬಿಟ್ಟರೆ ಯಾರೂ ಇರಲಿಲ್ಲ. ಅವಳು ಅವನ ಮಾತು ಕೇಳಿಸಿಕೊಂಡು, ಇಂಥವರನ್ನು ದಿನವೂ ಕಾಣುವವಳಂತೆ ನಕ್ಕಳು.

“ನಿಮ್ಮನೆಯವ್ರು ಕೆಳಗಿದ್ದಾರೆ ಕಣಣ್ಣ. ಇದು ಹನ್ನೊಂದನೇ ಮಹಡಿ.”

“ಇದು ನೆಲ ಅಲ್ವಾ?”

“ಇದೂ ನೆಲಾನೇ. ಅದೂ ನೆಲಾನೇ. ಅಲ್ಲೂ ರಸ್ತೆ, ಅಲ್ಲೂ ಮರ. ಒಬ್ರು ಇಳೀಬೇಕು, ಇಲ್ಲ ಒಬ್ರು ಹತ್ತಬೇಕು.” ಬಟ್ಟಲು ತೊಳೆಯುತ್ತ, ಇಬ್ಬರೂ ಹೊರಟರೆ ಮತ್ತೆ ತಪ್ಪಿಹೋಗುತ್ತೀರಿ ಎಂದು ಸೇರಿಸಿದಳು.

ಫೋನಿನಲ್ಲಿ ಯೂಚಿನ್ ಉಸಿರಾಡುವುದು ಕೇಳುತ್ತಿತ್ತು. ಮುಖ ಕಾಣದ ಆ ಉಸಿರಿಗೆ ಹೇಳುವುದು ಸುಲಭವೆನಿಸಿತು. ಸಿದ್ಧ ಮಾಡಿಕೊಂಡ ವಾಕ್ಯ ಎಲ್ಲೋ ಬಿದ್ದುಹೋಗಿ ಬೇರೊಂದು ಮಾತು ಬಾಯಿಗೆ ಬಂತು.

“ಆವತ್ತು ಅಡುಗೆಮನೇಲಿ ಮಾತಾಡಿದ್ವಲ್ಲ. ನೆನಪಿದೆಯಾ?”

ಆ ಕಡೆ ಬಸ್ಸೊಂದು ನಿಂತು ಹೊರಟ ಸದ್ದು. ಜನ ಓ ಎಂದರು. ಎರಡೂ ನೆಲಗಳಲ್ಲಿ ದೀಪ ಒಟ್ಟಿಗೆ ಹತ್ತಿಕೊಂಡಿರಬೇಕು. ಇಲ್ಲಿಯೂ ಬಂಗಾರದ ಬಣ್ಣ ಎಲ್ಲರ ಮುಖಕ್ಕೂ ಬಡಿಯಿತು.

“ನೆನಪಿದೆ” ಎಂದಳು. “ನೀನು ಮರ್ತಿದ್ದೀಯ ಅಂದ್ಕೊಂಡಿದ್ದೆ.”

ಅವಳ ದನಿಯಲ್ಲಿದ್ದದ್ದು ಹಾರೈಕೆಯೋ ದೂರೋ ಅವನಿಗೆ ತಿಳಿಯಲಿಲ್ಲ. ಮರೆತಿರಲಿ ಎಂದು ಅವಳೂ ಕಾಯುತ್ತಿದ್ದಳೇ? ಅಥವಾ ಇವನು ಮರೆತನೆಂದು ಪ್ರತಿದಿನ ಬೇಸತ್ತಳೇ? ಹೊರಡುತ್ತೇನೆ ಎಂದು ಬೆಳಿಗ್ಗೆ ತೀರ್ಮಾನಿಸಿದ್ದ ಮನುಷ್ಯನನ್ನು ತನ್ನೊಳಗೆ ಹುಡುಕಿದ. ಅವನು ಸಿಗಲಿಲ್ಲ.

“ಹಾಗಾದ್ರೆ?” ಎಂದ.

“ಫೋನಲ್ಲಿ ಬೇಡ. ಎದುರಿಗೆ ಬಾ. ನೀನಿರೋ ಜಾಗ ಕಳ್ಸು, ನಾನೂ ಕಳಿಸ್ತೀನಿ.”

ಕಳಿಸಿದ. ಪರದೆಯ ಮೇಲೆ ನಕ್ಷೆ ತೆರೆದುಕೊಂಡಿತು: ನದಿಯ ನೀಲಿ ಪಟ್ಟಿ, ಅದರಂಚಿಗೆ ಕಟ್ಟಡದ ಬೂದು ಚೌಕ. ಫೋನಿನಲ್ಲಿ ಅವಳ ಗುರುತಾದ ತಾವರೆಯ ಚಿತ್ರ ಚೌಕದ ಅಂಚಿಗೆ ಬಂದು ಕೂತಿತು. ತನ್ನ ಗುರುತಾದ ತನ್ನದೇ ಮುಖದ ಚಿತ್ರ ಎಲ್ಲೂ ಕಾಣಲಿಲ್ಲ. ಆಮೇಲೆ ತಾವರೆಯ ಅಡಿಯಿಂದ ತನ್ನ ಕಿವಿಯ ತುದಿಯಷ್ಟೇ ಹೊರಗೆ ಚಾಚಿರುವುದು ಕಂಡಿತು.

“ನೋಡು, ಇಲ್ಲೇ ಇದ್ದೀಯ” ಎಂದಳು ಯೂಚಿನ್. ಅವಳ ದನಿ ಸುತ್ತ ತಡಕಾಡುತ್ತಿತ್ತು. “ನನ್ನ ಪಕ್ಕದಲ್ಲೇ ತೋರಿಸ್ತಾ ಇದೆ. ಬಂದ್ಯಾ?”

“ಬಂದೆ” ಎಂದ.

ಕಾಲು ಕದಲಲಿಲ್ಲ. ಜನ ಅವನನ್ನು ಕಂಬದಂತೆ ಬಳಸಿಕೊಂಡು ಹೋಗುತ್ತಿದ್ದರು. ಅವನು ಎರಡು ಬೆರಳಿಟ್ಟು ನಕ್ಷೆಯನ್ನು ಹಿಗ್ಗಿಸಿದ. ನದಿ ಪರದೆಯಿಂದ ಹೊರಗೆ ಜಾರಿತು. ಮತ್ತೆ ಹಿಗ್ಗಿಸಿದ. ರಸ್ತೆಯ ಹೆಸರು ಹೋಯಿತು, ಕಟ್ಟಡದ ಗೆರೆ ಹೋಯಿತು. ಮತ್ತೂ ಹಿಗ್ಗಿಸಿದ. ಕೊನೆಗೆ ಯಾವ ಊರಿನದೂ ಅಲ್ಲದ ಬಿಳಿ ಬಯಲು, ಅದರ ನಟ್ಟನಡುವೆ ಒಂದರ ಮೇಲೊಂದು ಬಿಗಿಯಾಗಿ ಅಂಟಿಕೊಂಡ ಹೂವು ಮತ್ತು ಕಿವಿ.