ಬಾವಿ ತೊಳೆದ ಶನಿವಾರ

ಎರಡು ವರ್ಷ ಪ್ರತಿ ಭಾನುವಾರ ನಾನು ಕಾಪುವಿನ ಅಕ್ಕನ ಮನೆಗೆ ಎರಡು ಕ್ಯಾನ್ ನೀರು ಹೊತ್ತಿದ್ದೇನೆ. ಕಡಿಯಾಳಿಯ ನನ್ನ ಬಾಡಿಗೆ ಮನೆಯ ಬಾವಿಯ ನೀರು.

"ಎಂತ ಮಾರಾಯ್ರೆ, ಕಾಪುವಿಗೆ ಗಂಗೆ ತರುವುದಾ?" ಎಂದು ಬಸ್ಸಿನ ಕಂಡಕ್ಟರ್ ನಗುತ್ತಿದ್ದ.

ಅಕ್ಕನ ಮನೆಯ ಹಿಂದಿನ ಮೀನೆಣ್ಣೆ ಕಾರ್ಖಾನೆಯವರು ಕೊಳಚೆಯನ್ನು ತೆರೆದ ಹೊಂಡಕ್ಕೆ ಬಿಡುತ್ತಿದ್ದರು. ಅವಳ ಬಾವಿಯ ಮೇಲೆ ಎಣ್ಣೆಯ ಪೊರೆ ಕಟ್ಟುತ್ತಿತ್ತು. ಅವಳ ಮಗಳು ತೃಷಾಳಿಗೆ ಐದು ವರ್ಷ. ಕುಡಿದರೆ ವಾಂತಿ, ಮಿಂದರೆ ಮೈಯೆಲ್ಲ ಕಜ್ಜಿ. ನಾನು ತಂದದ್ದು ಮಗುವಿಗೆ ಕುಡಿಯಲು ಸಾಕಾಗುತ್ತಿತ್ತು. ಅಕ್ಕ ಬಾವಿಯದನ್ನೇ ಕುದಿಸಿ ಕುಡಿಯುತ್ತಿದ್ದಳು.

"ನೀವು ಹೊತ್ತದ್ದರಿಂದ ಕಾರ್ಖಾನೆಯವನಿಗೇ ಉಪಕಾರ," ಎನ್ನುತ್ತಿದ್ದರು ಅಕ್ಕನ ನೆರೆಯ ಟೈಲರ್ ಸರ್ವೋತ್ತಮಣ್ಣ. ಮೂವತ್ತೊಂದು ಮನೆಗಳ ಸಹಿ ಹಾಕಿಸಿ, ಹನ್ನೊಂದು ತಿಂಗಳು ಕಚೇರಿಗಳಿಗೆ ಅಲೆದವರು ಅವರು. ಅರ್ಜಿ ಬರೆದುಕೊಟ್ಟದ್ದು ನಾನು. ಮಣಿಪಾಲದ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು, ಸಂಜೆ ಕಾಲೇಜಿನಲ್ಲಿ ಕಲಿತವನು. ಅರ್ಜಿಯಲ್ಲಿ ಒಂದೂ ತಪ್ಪಿರಲಿಲ್ಲ.

2004ರ ಜನವರಿಯಲ್ಲಿ ಉತ್ತರ ಬಂತು. ಸೋಮವಾರ ಅಧಿಕಾರಿಗಳು ಬಂದು ಒಂದು ಬಾವಿಯ ನೀರನ್ನು ಪರೀಕ್ಷೆಗೆ ಒಯ್ಯುತ್ತಾರೆ. ಹೊಂಡಕ್ಕೆ ಹತ್ತಿರವಿದ್ದದ್ದು ಅಕ್ಕನ ಬಾವಿ.

ಶನಿವಾರ ಹೋದಾಗ ಅಕ್ಕ ಬಾಡಿಗೆಗೆ ಪಂಪು ತರಿಸಿದ್ದಳು.

"ಆಫೀಸರುಗಳು ಬರುವಾಗ ಬಾವಿ ಹೀಗೆ ಇಟ್ಟರೆ ನಾಚಿಕೆ ಅಲ್ವಾ? ನೀನು ಸ್ವಲ್ಪ ಇಳಿ ತಮ್ಮ."

ಮನಸ್ಸು ಒಮ್ಮೆ ಅಳುಕಿತು. ಆದರೆ ಬಾವಿ ತೊಳೆಯುವುದು ತಪ್ಪು ಹೇಗಾದೀತು? ನೀರಿನಲ್ಲಿ ಇದ್ದದ್ದು ಪರೀಕ್ಷೆಯ ಯಂತ್ರಕ್ಕೆ ಹೇಗೂ ತಿಳಿಯುತ್ತದೆ ಎಂದುಕೊಂಡೆ. ನೀರೆಲ್ಲ ಹೊರಗೆ ಹಾಕಿ, ಇಳಿದು, ತೆಂಗಿನ ಸಿಪ್ಪೆಯಿಂದ ಕಲ್ಲು ಕಲ್ಲು ತಿಕ್ಕಿದೆ. ಇದ್ದಿಲು ಹಾಕಿದೆ, ಬ್ಲೀಚಿಂಗ್ ಪೌಡರ್ ಹಾಕಿದೆ. ಭಾನುವಾರ ಸಂಜೆ ಊರಿ ಬಂದ ನೀರಿನಲ್ಲಿ ತಳದ ಕಲ್ಲು ಕಾಣುತ್ತಿತ್ತು. ತೃಷಾ ಬಗ್ಗಿ ನೋಡಿ ಚಪ್ಪಾಳೆ ತಟ್ಟಿದಳು.

ಒಂದು ತಿಂಗಳಿಗೆ ವರದಿ ಬಂತು: ನೀರು ಕುಡಿಯಲು ಯೋಗ್ಯ. ದೂರನ್ನು ಮುಕ್ತಾಯಗೊಳಿಸಲಾಗಿದೆ.

ಸರ್ವೋತ್ತಮಣ್ಣ ಅದನ್ನು ಎರಡು ಸಲ ಓದಿದರು. "ಬಾವಿ ತೊಳೆದದ್ದು ಯಾರು?"

"ನಾನು."

ಅವರು ವರದಿಯನ್ನು ಮಡಚಿ ಹೊಲಿಗೆ ಮೆಷಿನಿನ ಮೇಲೆ ಇಟ್ಟರು. "ಮೂವತ್ತೊಂದು ಮನೆ ಮಾರಾಯ್ರೆ. ಸಾಕ್ಷಿಯನ್ನೇ ತೊಳೆದುಬಿಟ್ಟಿರಲ್ಲ."

"ಇನ್ನೊಂದು ಅರ್ಜಿ ಬರೆಯುತ್ತೇನೆ."

"ಬರೆಯಿರಿ. ಸಹಿಗೆ ನಾನು ಇನ್ನು ಯಾರ ಬಾಗಿಲಿಗೂ ಹೋಗುವುದಿಲ್ಲ."

ಮುಂದಿನ ಭಾನುವಾರ ಕ್ಯಾನ್ ಹಿಡಿದು ಹೋದರೆ ಅಕ್ಕ ಅಂಗಳಕ್ಕೆ ಓಡಿ ಬಂದಳು. "ಇನ್ನು ಹೊರಬೇಡ ನೀನು. ಭುಜ ನೋಡು, ಹೇಗಾಗಿದೆ. ಸರಕಾರವೇ ಬರೆದುಕೊಟ್ಟಿದೆಯಲ್ಲ!" ವರದಿಯ ಜೆರಾಕ್ಸನ್ನು ಬಾಗಿಲಿಗೆ ಅಂಟಿಸಿದ್ದಳು.

ನಾನು ಬಾವಿಗೆ ಬಗ್ಗಿದೆ. ತೆಳ್ಳಗೆ, ಬಣ್ಣ ಬಣ್ಣವಾಗಿ, ಪೊರೆ ಮರಳಿ ಬಂದಿತ್ತು.

"ಮಾಮ, ನಮ್ಮ ಬಾವಿ ಪಾಸಾಯಿತು!" ತೃಷಾ ಲೋಟ ಎತ್ತಿ ತೋರಿಸಿದಳು. ಅರ್ಧ ಕುಡಿದಾಗಿತ್ತು.

ನಾನು ಲೋಟ ಕಿತ್ತುಕೊಂಡು ಚೆಲ್ಲಿದೆ. ಮಗು ಅಳತೊಡಗಿತು.

"ಕೊಡಬೇಡ ಅಕ್ಕ. ಅವತ್ತು ನಾನು ತೊಳೆದದ್ದಕ್ಕೆ ಹಾಗೆ ಬರೆದದ್ದು."

"ಹೌದಲ್ಲ, ನೀನು ತೊಳೆದದ್ದಕ್ಕೇ ಸರಿಯಾದದ್ದು," ಎಂದಳು ಅಕ್ಕ, ಹೆಮ್ಮೆಯಿಂದ. ಮಗುವಿನ ಮೂಗು ಒರೆಸಿ, ಲೋಟ ತುಂಬಲು ಮತ್ತೆ ಕೊಡಪಾನ ಇಳಿಸಿದಳು.