ಇದು ಯಾರ ಪಾಲು

ಬೆಳಿಗ್ಗೆ ಒಲೆಗೆ ತುಂಬಿದ ಬರ್ಚ್ ಸೌದೆ ಮಧ್ಯಾಹ್ನದವರೆಗೂ ಮನೆಗೆ ಕಾವು ಕೊಡುತ್ತಿತ್ತು. ಅಷ್ಟು ಹೊತ್ತೂ ಹೆಲ್ಕಾ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಇಸ್ಪೀಟು ಆಡುತ್ತಿದ್ದಳು. ಅದೇ ಅವಳ ಕಸುಬು. ಕಂಪ್ಯೂಟರಿನ ಪರದೆಯ ಮೇಲೆ ಒಟ್ಟಿಗೆ ನಾಲ್ಕು ಪೋಕರ್ ಪಂದ್ಯ ತೆರೆದಿರುತ್ತಿದ್ದವು. ಎದುರಿಗೆ ಆಡುವವರು ಎಲ್ಲೋ ಕೂತವರು, ಮುಖವಿಲ್ಲದವರು, ಹಾಕಿಕೊಂಡ ಹೆಸರೂ ನಿಜದ್ದಲ್ಲ. ಜೂಜು ಅಂದರೆ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ಅವಳ ದಿನದ ಹೆಚ್ಚಿನ ಕೆಲಸ ಕೈಗೆ ಬಂದ ಎಲೆಗಳನ್ನು ಎಸೆದು ಆ ಸುತ್ತು ಬಿಟ್ಟುಕೊಡುವುದೇ ಆಗಿತ್ತು. ನೋಡುವುದು, ಎಸೆಯುವುದು, ಮತ್ತೆ ನೋಡುವುದು. ಒಮ್ಮೆ ಎಸೆದರೆ ಎದುರಿನವನ ಹತ್ತಿರ ಏನಿತ್ತು ಅನ್ನುವುದು ಸಾಯುವ ತನಕ ತಿಳಿಯುವುದಿಲ್ಲ. ಅದನ್ನು ತಿಳಿಯಲೇಬೇಕು ಅಂತ ಚಡಪಡಿಸುವವರು ಈ ಕಸುಬಿನಲ್ಲಿ ಬಹಳ ಕಾಲ ಉಳಿಯುವುದಿಲ್ಲ. ಮುಖ ಕಾಣದ ಮೇಲೆ ಮನುಷ್ಯನನ್ನು ಅಳೆಯುವುದಕ್ಕೆ ಇರುವುದು ಒಂದೇ: ತನ್ನ ಸರದಿ ಬಂದಾಗ ಅವನು ಎಷ್ಟು ಹೊತ್ತು ತಡೆಯುತ್ತಾನೆ ಅನ್ನುವುದು.

ಹಾಪಲಹ್ತಿ ಅನ್ನುವ ಈ ಉತ್ತರದ ಹಳ್ಳಿಗೆ ಅವಳು ಬಂದು ಎಂಟು ವರ್ಷವಾಗಿತ್ತು. ಇಲ್ಲಿ ಮನೆ ಅಗ್ಗ, ಕಾಡಿನ ನಡುವೆಯೂ ಇಂಟರ್ನೆಟ್ ತಂತಿ ಬಂದಿತ್ತು, ಅಷ್ಟು ಸಾಕಾಗಿತ್ತು. ಊರಿನವರು ಕೆಟ್ಟವರಲ್ಲ. ಎದುರಾದರೆ ತಲೆಯಾಡಿಸುತ್ತಿದ್ದರು. ಆದರೆ ಹಿಂದಿನ ಚಳಿಗಾಲ ಹಿಮದ ಭಾರಕ್ಕೆ ಕರೆಂಟು ಕಂಬಗಳು ಮುರಿದು ಬಿದ್ದಾಗ, ಊರಿನ ಬೇಟೆ ಗುಂಪಿನವರು ಜನರೇಟರು ಹೊತ್ತುಕೊಂಡು ಮನೆಮನೆಗೆ ಹೋದರು. ಹೆಲ್ಕಾಳ ಮನೆಗೆ ಕೊನೆಗೆ ಬಂದರು. ಬೇಕೆಂದು ಮಾಡಿದ್ದಲ್ಲ. ಯಾರ ಮನೆಗೆ ಯಾರು ಹೋಗಬೇಕು ಅಂತ ಅವರವರಿಗೆ ಗೊತ್ತಿತ್ತು, ಇವಳ ಮನೆ ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ. "ಅಯ್ಯೋ, ನಿನ್ನ ನೆನಪೇ ಆಗ್ಲಿಲ್ಲ ನೋಡು ಹುಡ್ಗಿ" ಅಂದಿದ್ದ ಗುಂಪಿನ ಯಜಮಾನ ತೈಸ್ತೊ, ನಿಜವಾಗಿಯೂ ನಾಚಿಕೊಂಡು. ತಣ್ಣಗಾದ ಒಲೆಯ ಮುಂದೆ ಎರಡು ಕೋಟು ಹಾಕಿಕೊಂಡು ಕೂತಿದ್ದ ಹೆಲ್ಕಾ ಆವತ್ತೇ ನಿಶ್ಚಯ ಮಾಡಿದಳು: ಬಂದೂಕಿನ ಪರವಾನಗಿ ಮಾಡಿಸಬೇಕು, ಗುಂಪಿಗೆ ಸೇರಬೇಕು.

ಸೇರುವ ರೀತಿ ಹಾಪಲಹ್ತಿಯದೇ ಒಂದು. ಹೊಸಬರು ಒಂದು ಶರತ್ಕಾಲ ಪೂರ್ತಿ ಮಾಂಸದ ಪಾಲು ಕೇಳದೆ ಮೂಸ್ ಬೇಟೆಗೆ ಬರಬೇಕು. ಕುದುರೆಗಿಂತ ಎತ್ತರದ ಆ ಜಿಂಕೆಯನ್ನು ಕಾಡಿನಿಂದ ಎಳೆಯಬೇಕು, ಚರ್ಮ ಬಿಡಿಸಬೇಕು, ಶೆಡ್ಡು ತೊಳೆಯಬೇಕು. ಬೇಟೆಯ ಕಡೆಯ ದಿನ ಪಾಲು ಹಾಕುವಾಗ ಅವರ ಹೆಸರಿಗೂ ಒಂದು ಗುಡ್ಡೆ ಮಾಂಸ ಬಿದ್ದರೆ ಅವರು ಗುಂಪಿನವರು. ಕೈ ಎತ್ತಿಸುವುದಿಲ್ಲ, ಚೀಟಿ ಹಾಕುವುದಿಲ್ಲ. ಆದರೆ ಒಬ್ಬ ಬೇಡ ಅಂದರೂ ಬೇಡ. ಬೇಡ ಅನ್ನುವವನು ಯಾರು ಅಂತ ಎಲ್ಲರಿಗೂ ಗೊತ್ತಿತ್ತು: ಹಸು ಸಾಕಿದ್ದ ರೌನೊ.

"ಹಗಲೆಲ್ಲ ಜೂಜಾಡೋರ ಕೈಗೆ ಬಂದೂಕು ಕೊಟ್ಟು ನಾನು ಪಕ್ಕದ ಪೊದೇಲಿ ಕೂರ್ಬೇಕಾ?" ಅಂತ ಸೆಪ್ಟೆಂಬರಿನಲ್ಲೇ ಅವಳ ಎದುರಿಗೇ ಕೇಳಿದ್ದ. "ನನ್ನ ತಮ್ಮ ಪೆಟ್ರೋಲ್ ಬಂಕಿನ ಆಟದ ಮಿಷನ್ನಿಗೆ ಒಂದು ಟ್ರ್ಯಾಕ್ಟರನ್ನೇ ತಿನ್ನಿಸ್ದ. ಮೊದ್ಲು ಟ್ರೈಲರು, ಆಮೇಲೆ ಟ್ರ್ಯಾಕ್ಟರು, ಆಮೇಲೆ ಹೆಂಡ್ತೀನೇ ಹೋದ್ಳು. ಈ ಸಲ ಬರೋದ್ರಲ್ಲಿತ್ತು, ಕೂದಲೆಳೇಲಿ ತಪ್ತು ಅಂತಾನೇ ಇದ್ದ ಕೊನೇವರೆಗೂ."

ನನ್ನ ಆಟ ಅಂಥದ್ದಲ್ಲ ಅಂತ ಹೇಳಬಹುದಿತ್ತು. ಹೆಲ್ಕಾ ಹೇಳಲಿಲ್ಲ. ಅವಳಿಗೂ ಆ ಬೇಸಿಗೆ ಚೆನ್ನಾಗಿರಲಿಲ್ಲ. ತಪ್ಪಿಲ್ಲದೆ ಆಡಿಯೂ ಸೋತಿದ್ದಳು. ತೈಸ್ತೊ ಮಾತ್ರ ಅಂಗಡಿಯ ಹತ್ತಿರ ಸಿಕ್ಕಾಗ "ಈ ತಿಂಗಳು ಬೆಳೆ ಹ್ಯಾಗಮ್ಮ?" ಅಂತ ಕೇಳುವನು, ಓಟ್ಸ್ ಬೆಳೆದವರನ್ನು ಕೇಳುವ ಹಾಗೆ. "ಆಲಿಕಲ್ಲು ಬಿತ್ತು" ಅಂದರೆ "ಆಗ್ತದೆ" ಅಂದು ಸುಮ್ಮನಾಗುವನು.

ನವೆಂಬರಿನ ಆ ಶನಿವಾರ ಬೇಟೆಯ ಕಡೆಯ ದಿನ. ಒಂದೇ ಒಂದು ಮೂಸಿನ ಪರವಾನಗಿ ಉಳಿದಿತ್ತು, ಕರುವಿಗಲ್ಲ, ದೊಡ್ಡದಕ್ಕೆ. ಹಿಂದಿನ ವಾರ ಹೊಡೆದದ್ದು ಶೆಡ್ಡಿನಲ್ಲಿ ತೂಗುತ್ತಿತ್ತು; ಮಧ್ಯಾಹ್ನ ಅದನ್ನು ಪಾಲು ಹಾಕುವುದು ಅಂತ ಮಾತಾಗಿತ್ತು. ಹಿಮ ಇನ್ನೂ ಬಿದ್ದಿರಲಿಲ್ಲ. ಜೌಗು ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿ, ಕಾಲಿಟ್ಟರೆ ಹಳೆಯ ಬ್ರೆಡ್ಡಿನ ಹಾಗೆ ಮುರಿಯುತ್ತಿತ್ತು.

ತೈಸ್ತೊ ಅವಳನ್ನು ಜೌಗಿನ ಅಂಚಿಗೆ, ಮುರಿದ ಪೈನ್ ಮರದ ಹತ್ತಿರ ನಿಲ್ಲಿಸಿದ. "ನಾಯಿ ಮೂಸನ್ನ ಈ ಕಡೆಗೇ ಅಟ್ಕೊಂಡು ಬರ್ಬಹುದು. ಹೆಣ್ಣು ಬಂದ್ರೆ ಹಿಂದೆ ಕರು ಇದ್ಯಾ ನೋಡು. ಕರು ಇದ್ರೆ ತಾಯೀನ ಮುಟ್ಟಂಗಿಲ್ಲ."

"ಗೊತ್ತು."

"ಗೊತ್ತು ಅಂತ ಎಲ್ರೂ ಅಂತಾರೆ" ಅಂದು ಅವನು ತನ್ನ ಕಿತ್ತಳೆ ಟೋಪಿ ಕಿವಿಗೆಳೆದುಕೊಂಡು ಹೋದ.

ಕಾಯುವುದು ಹೆಲ್ಕಾಗೆ ಹೊಸದಲ್ಲ. ಉಳಿದವರು ತಂತಮ್ಮ ಜಾಗದಲ್ಲಿ ಕೂತು ಕಾಫಿ ಫ್ಲಾಸ್ಕು ತೆಗೆಯುವರು, ಫೋನು ನೋಡುವರು. ಅವಳು ಮರದ ಬುಡಕ್ಕೆ ಇನ್ನೊಂದು ಬುಡದ ಹಾಗೆ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಎಡಗಡೆ ದೂರದಲ್ಲಿ ನಾಯಿ ಬೊಗಳಿದ್ದು ಕೇಳಿತು. ಆಮೇಲೆ ಎದುರಿನ ಸ್ಪ್ರೂಸ್ ಮರಗಳ ತೋಪಿನೊಳಗೆ ಒಂದು ರೆಂಬೆ ಲಟಕ್ಕೆಂದಿತು.

ಹೆಣ್ಣು ಮೂಸು ಅವಸರವಿಲ್ಲದೆ ಬಯಲಿಗೆ ಬಂತು. ಪಕ್ಕೆ ಪೂರ್ತಿ ಕಾಣುವ ಹಾಗೆ ಅಡ್ಡ ನಿಂತಿತು. ಬಾಯಿಯಿಂದ ಹಬೆ. ಬಂದೂಕು ಹೆಲ್ಕಾಳ ಹೆಗಲಿಗೆ ಏರಿತ್ತು, ಗುರಿಯ ಗೆರೆ ಮುಂಗಾಲಿನ ಹಿಂದೆ ಕೂತಿತ್ತು. ಹೀಗೆ ಸಿಗುವುದು ಕೆಲವರಿಗೆ ಇಡೀ ಜನ್ಮದಲ್ಲಿ ಒಂದು ಸಲ. ಇದನ್ನು ಉರುಳಿಸಿದರೆ ರೌನೊನ ಬಾಯಿಗೂ ಬೀಗ. ಹಿಂದೆ ಕರು ಕಾಣಲಿಲ್ಲ. ತೋಪು ದಟ್ಟವಾಗಿತ್ತು, ಅದರೊಳಗೆ ಏನೂ ಅಲುಗಲಿಲ್ಲ.

ಆಗ ಮೂಸು ಕುತ್ತಿಗೆ ತಿರುಗಿಸಿ ತಾನು ಬಂದ ದಾರಿಯತ್ತ ಒಮ್ಮೆ ನೋಡಿತು. ನಾಯಿ ಬೊಗಳುತ್ತಿದ್ದದ್ದು ಆ ದಿಕ್ಕಿನಲ್ಲಲ್ಲ.

ಹೆಲ್ಕಾ ಟ್ರಿಗರಿನಿಂದ ಬೆರಳು ತೆಗೆದಳು. ಇನ್ನಷ್ಟು ಕಾದಳು. ತೋಪಿನಿಂದ ಏನೂ ಬರಲಿಲ್ಲ. ಮೂಸು ಉದ್ದುದ್ದ ಹೆಜ್ಜೆ ಹಾಕುತ್ತ ಜೌಗು ದಾಟಿ ಆಚೆಯ ಕಾಡಿಗೆ ಹೋಯಿತು.

ಎದೆಯ ಮೇಲಿನ ವಾಕಿಟಾಕಿ ಗೊರಗೊರ ಅಂದಿತು, ತೈಸ್ತೊನ ದನಿ. "ಹೆಲ್ಕಾ, ನಿನ್ನ ಕಡೆಗೇ ಬಂತಲ್ಲ. ಏನಾಯ್ತು?"

"ಬಂತು. ಹೋಯ್ತು."

ಗುಂಡು ತೆಗೆದು ಜೇಬಿಗೆ ಹಾಕಿಕೊಂಡು ಅವಳು ಎಲ್ಲರೂ ಸೇರುವ ಬೆಂಕಿಯ ಕಡೆಗೆ ನಡೆದಳು.

ಬೆಂಕಿಯ ಸುತ್ತ, ಮರದ ಚಪ್ಪರದಡಿ, ಎಲ್ಲರೂ ಕಡ್ಡಿಗೆ ಸಾಸೇಜು ಚುಚ್ಚಿಕೊಂಡು ಕೂತಿದ್ದರು. ಹೆಲ್ಕಾಗೆ ಜಾಗ ಬಿಟ್ಟರು, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ. ರೌನೊ ಬಹಳ ಹೊತ್ತು ತಡೆಯಲಿಲ್ಲ.

"ಏನು, ಎಲೆ ಚೆನ್ನಾಗಿ ಬರ್ಲಿಲ್ವಾ?"

ಕೆಲವರು ನಕ್ಕರು.

"ಎಲೆ ಚೆನ್ನಾಗೇ ಇತ್ತು" ಅಂದಳು ಹೆಲ್ಕಾ.

"ಮತ್ತೆ? ಕರು ಕಂಡ್ತಾ?"

ಎಲ್ಲರ ಕಿವಿಯೂ ಇತ್ತ ತಿರುಗಿತು. ಕಂಡಿತು ಅಂದರೆ ಮುಗಿಯಿತು. ಕರು ಕಂಡವಳು ಹೊಡೆಯದಿದ್ದದ್ದು ಸರಿ, ಮುಂದಿನ ಮಾತಿಲ್ಲ. ಸುಳ್ಳು ಅವಳಿಗೆ ಕಷ್ಟವೂ ಅಲ್ಲ. ದಿನಬೆಳಗಾದರೆ ಇಲ್ಲದ ಎಲೆ ಇದೆ ಅಂತ ತೋರಿಸಿಕೊಂಡೇ ಅವಳು ಒಲೆಗೆ ಸೌದೆ ತಂದಿದ್ದಳು. ಆದರೆ ಅಲ್ಲಿ ಕೂತವರೆಲ್ಲ ಅದಕ್ಕೆ ಒಪ್ಪಿಕೊಂಡೇ ಕೂತಿರುತ್ತಾರೆ. ಇಲ್ಲಿ ಯಾರೂ ಒಪ್ಪಿಕೊಂಡಿರಲಿಲ್ಲ.

"ಕಾಣ್ಲಿಲ್ಲ."

"ಕಾಣ್ಲಿಲ್ಲ! ಮತ್ಯಾಕೆ ಹೊಡೀಲಿಲ್ಲ ಮಾರಾಯ್ತಿ? ಬಂದೂಕಿಗೆ ಗುಂಡು ಹಾಕೋದು ಮರ್ತೆಯಾ?"

"ಹಿಂದಕ್ಕೆ ತಿರುಗಿ ನೋಡ್ತು. ಕರು ಇತ್ತೇನೋ ಅನ್ನಿಸ್ತು. ಇತ್ತೋ ಇಲ್ವೋ ಗೊತ್ತಿಲ್ಲ."

"ನಾನೂ ಹಿಂದೆ ತಿರುಗಿ ನೋಡ್ತೀನಿ, ನನ್ನ ಹಿಂದೆ ಎಷ್ಟು ಕರು ಇದಾವೆ?"

"ಕೊಟ್ಟಿಗೆ ತುಂಬ ಇದಾವಲ್ಲೋ" ಅಂದ ತೈಸ್ತೊ. ಈ ಸಲ ನಗು ರೌನೊನ ಮೇಲೆ ತಿರುಗಿತು. ರೌನೊ ನಗಲಿಲ್ಲ. ಅರ್ಧ ಸುಟ್ಟ ಸಾಸೇಜನ್ನು ನಾಯಿಗೆ ಎಸೆದು ಎದ್ದ. "ಹೆಜ್ಜೆ ನೋಡ್ಕಂಡು ಬರ್ತೀನಿ. ಸುಮ್ನೆ ಊಹೆ ಯಾಕೆ?"

ಬೆಂಕಿಗೆ ಎರಡು ಸಲ ಸೌದೆ ಹಾಕುವಷ್ಟು ಹೊತ್ತಿಗೆ ಅವನು ವಾಪಸು ಬಂದ. ಹೆಲ್ಕಾ ಕಾಫಿ ಲೋಟದಿಂದ ತಲೆ ಎತ್ತಲಿಲ್ಲ. ಕರು ಇತ್ತೋ ಇಲ್ಲವೋ ತಿಳಿದುಕೊಳ್ಳಬೇಕು ಅಂತ ಅವಳಿಗೂ ಅನ್ನಿಸುತ್ತಿತ್ತು. ಅದು ಅವಳಿಗೆ ಇಷ್ಟವಾಗಲಿಲ್ಲ.

"ನೆಲ ಕಲ್ಲಾಗಿದೆ" ಅಂದ ರೌನೊ. "ಎಲ್ಲೋ ಒಂದೆರಡು ಕಡೆ ಪಾಚಿ ಕಿತ್ತಿದೆ, ಅದನ್ನೂ ನಾಯಿ ತುಳಿದಿದೆ. ಕರುವೂ ಆಗ್ಬಹುದು, ನರಿಯೂ ಆಗ್ಬಹುದು, ನಮ್ಮಜ್ಜೀನೂ ಆಗ್ಬಹುದು."

ಇನ್ನು ಮಾತು ಬೆಳೆಯಲಿಲ್ಲ. ಬೆಂಕಿಗೆ ನೀರು ಹೊಯ್ದು ಎಲ್ಲರೂ ಶೆಡ್ಡಿಗೆ ಹೊರಟರು.

ಮಾಂಸ ಕಡಿಯುವ ಕೆಲಸ ಮಧ್ಯಾಹ್ನವೆಲ್ಲ ಹಿಡಿಯಿತು. ತೈಸ್ತೊ ಉದ್ದನೆಯ ಸ್ಟೀಲ್ ಮೇಜಿನ ಮೇಲೆ ಗುಡ್ಡೆ ಹಾಕುತ್ತ ಹೋದ: ತೊಡೆಯದೊಂದು ತುಂಡು, ಪಕ್ಕೆಯದು, ಸಾರಿಗೆ ಎಲುಬು, ಹೆಚ್ಚು ಕಡಿಮೆಯಾದರೆ ಅಲ್ಲಿಂದ ಇಲ್ಲಿಗೆ ಒಂದು ಚೂರು. ಹೆಲ್ಕಾ ಮೂಲೆಯಲ್ಲಿ ನಿಂತು ಗರಗಸ ತೊಳೆಯುತ್ತಿದ್ದಳು. ಎಣಿಸಬಾರದು ಅಂದುಕೊಂಡರೂ ಕಣ್ಣು ತಾನಾಗಿ ಎಣಿಸಿತು. ಗುಂಪಿನಲ್ಲಿದ್ದ ಜನಕ್ಕಿಂತ ಒಂದು ಗುಡ್ಡೆ ಹೆಚ್ಚಿತ್ತು. ಅವಳು ಮತ್ತೊಮ್ಮೆ ಎಣಿಸಿದಳು. ನೀರು ಬಿಟ್ಟ ನಲ್ಲಿಯನ್ನು ನಿಲ್ಲಿಸುವುದು ಮರೆತಳು.

ಪಾಲು ಹಂಚುವ ಕ್ರಮ ಅವರ ಅಜ್ಜಂದಿರ ಕಾಲದ್ದು. ಒಬ್ಬ ಗೋಡೆಗೆ ಮುಖ ಮಾಡಿ, ಮೇಜಿಗೆ ಬೆನ್ನು ತಿರುಗಿಸಿ ನಿಲ್ಲಬೇಕು. ಯಜಮಾನ ಒಂದು ಗುಡ್ಡೆ ಮುಟ್ಟಿ, ಇದು ಯಾರ ಪಾಲು ಅಂತ ಕೇಳಬೇಕು. ಬೆನ್ನು ತಿರುಗಿಸಿದವನು ಒಂದು ಹೆಸರು ಹೇಳಬೇಕು. ಹೇಳಿದ ಹೆಸರು ಹೇಳಿದ್ದೇ. ಆಮೇಲೆ ಯಾರೂ ತಕರಾರು ಎತ್ತುವ ಹಾಗಿಲ್ಲ, ಹೇಳಿದವನೂ ಎತ್ತುವ ಹಾಗಿಲ್ಲ.

"ಈ ಸಲ ರೌನೊ ನಿಂತ್ಕೊಳ್ಲಿ" ಅಂದ ತೈಸ್ತೊ.

"ನಾನು ಹೋದ ವರ್ಷ ನಿಂತಿದ್ನಲ್ಲ."

"ನಿನ್ನ ಬೆನ್ನು ಅಗಲ ಕಣೋ. ಇಣುಕಿ ನೋಡಿದ್ರೆ ಗೊತ್ತಾಗುತ್ತೆ."

ರೌನೊ ಕೈ ಒರೆಸಿಕೊಂಡು ಹೋಗಿ ಗೋಡೆಗೆ ಮುಖ ಮಾಡಿ ನಿಂತ. ತೈಸ್ತೊ ಮೊದಲ ಗುಡ್ಡೆಯ ಮೇಲೆ ಕೈಯಿಟ್ಟ. "ಇದು ಯಾರ ಪಾಲು?" ಒಂದು ಹೆಸರು. "ಇದು?" ಇನ್ನೊಂದು ಹೆಸರು. ಹೆಸರು ಬಂದವರು ಒಬ್ಬೊಬ್ಬರಾಗಿ ಬಂದು ತಮ್ಮ ತೊಟ್ಟಿಗೆ ಮಾಂಸ ತುಂಬಿಕೊಂಡರು. ರೌನೊ ತನ್ನ ಹೆಸರನ್ನೂ ಹೇಳಿಕೊಂಡ, ತೈಸ್ತೊನದನ್ನೂ ಹೇಳಿದ. ಆಮೇಲೆ ಬೆನ್ನು ಬಗ್ಗಿಸಿ ಸೊಂಟ ಹಿಡಿದುಕೊಂಡ. "ಆಯ್ತಲ್ಲ, ಎಲ್ರದ್ದೂ ಮುಗೀತು."

"ತಿರುಗ್ಬೇಡ" ಅಂದ ತೈಸ್ತೊ. "ಇನ್ನೊಂದಿದೆ. ಇದು ಯಾರ ಪಾಲು?"

ರೌನೊ ನೆಟ್ಟಗಾದ. ಶೆಡ್ಡಿನಲ್ಲಿ ನಲ್ಲಿಯ ನೀರು ಸುರಿಯುವುದೊಂದೇ ಸದ್ದು. ಬಾಗಿಲ ಹತ್ತಿರ ಯಾರೋ ಬೂಟು ಸರಿಸಿದರು. ನಾಯಿಗೆ ಅನ್ನಬಹುದು ಅವನು, ಅಂದರೆ ನಾಯಿಗೇ. ಯಾರದ್ದೂ ಅಲ್ಲ ಅನ್ನಬಹುದು.

ಹೆಲ್ಕಾ ಅವನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಮುಖ ಕಾಣದ ಜನರ ಎದುರು ಅವಳು ಇಷ್ಟು ವರ್ಷ ಕೂತಿದ್ದಳು. ಮೊದಲೇ ನಿಶ್ಚಯಿಸಿಕೊಂಡು ಬಂದವನು ತಡ ಮಾಡುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಬೇಡ ಅನ್ನುವುದು ಅವನಲ್ಲಿ ಸೆಪ್ಟೆಂಬರಿನಿಂದ ಸಿದ್ಧವಾಗಿತ್ತು. ಅದು ಈ ಹೊತ್ತಿಗೆ ಬಾಯಿಂದ ಬಿದ್ದಿರಬೇಕಿತ್ತು. ಬಿದ್ದಿರಲಿಲ್ಲ. ರೌನೊ ಸುಮ್ಮನೇ ನಿಂತಿದ್ದ, ಇನ್ನೂ ನಿಂತಿದ್ದ.

"ನನ್ನ ತಮ್ಮ ಆಗಿದ್ರೆ" ಅಂದ ಕೊನೆಗೆ, ಗೋಡೆಗೆ ಹೇಳುವ ಹಾಗೆ, "ಎರಡು ಕರು ಕಂಡೆ ಅಂತಿದ್ದ."

ತೈಸ್ತೊ ಗುಡ್ಡೆಯ ಮೇಲಿನ ಕೈ ತೆಗೆಯಲಿಲ್ಲ.

"ಹೆಲ್ಕಾದು" ಅಂದ ರೌನೊ. "ಹೆಲ್ಕಾದು ಅಂತ ಬರ್ಕೊಳ್ಳಿ. ಇನ್ನಾದ್ರೂ ತಿರುಗ್ಲಾ, ಸೊಂಟ ಹಿಡ್ಕೊಂಡಿದೆ."

"ತಿರುಗೋ ತಿರುಗು" ಅಂದ ತೈಸ್ತೊ. ಮತ್ತೆ ಹೆಲ್ಕಾಗೆ, "ಹುಡ್ಗಿ, ಆ ನಲ್ಲಿ ನಿಲ್ಸು ಮೊದ್ಲು."

ಅವಳು ನಲ್ಲಿ ನಿಲ್ಲಿಸಿ ಮೇಜಿನ ಹತ್ತಿರ ಬಂದಳು. ಗುಡ್ಡೆಯ ಮುಂದೆ ನಿಂತ ಮೇಲೆ ಗೊತ್ತಾಯಿತು, ತುಂಬಿಕೊಂಡು ಹೋಗಲು ಅವಳ ಹತ್ತಿರ ಏನೂ ಇರಲಿಲ್ಲ. ಪಾಲಿಲ್ಲದವಳು ತೊಟ್ಟಿ ಯಾಕೆ ತರುತ್ತಾಳೆ? ಖಾಲಿ ಕೈ ನೋಡಿಕೊಂಡು ನಿಂತಳು.

"ನೋಡಿ, ಜೂಜಾಡೋಳು ಗೆಲ್ತೀನಿ ಅಂತ ಅಂದ್ಕೊಂಡೇ ಬಂದಿಲ್ಲ" ಅಂದ ರೌನೊ. ಹೊರಗೆ ಹೋಗಿ ಗಾಡಿಯಿಂದ ಒಂದು ಬಕೀಟು ತಂದು ಅವಳ ಮುಂದೆ ಕುಕ್ಕಿದ. "ಕರುಗಳಿಗೆ ಹಾಲು ಕುಡಿಸೋದು. ತೊಳೆದದ್ದೇ. ನಾಳೆ ತಂದ್ಕೊಡು, ನಂಗೆ ಬೇಕು."

"ಎಷ್ಟೊತ್ತಿಗೆ ತರ್ಲಿ?"

"ಹಾಲು ಕರೆದ ಮೇಲೆ ಬಾ. ಕಾಫಿ ಇರುತ್ತೆ." ಎಲುಬಿನ ತುಂಡೊಂದನ್ನು ಎತ್ತಿ ಅವನೇ ಬಕೀಟಿನ ತಳಕ್ಕೆ ಇಟ್ಟ. "ಆ ಹೊತ್ತಿಗೆ ನಿನ್ನ ಎಲೆ ಕೆಲಸ ಇರುತ್ತೇನೋ."

"ಇರುತ್ತೆ" ಅಂದಳು ಹೆಲ್ಕಾ. "ಕಾಫಿ ಕುಡಿದು ಬಂದು ಮಾಡ್ತೀನಿ."