ತೋಳು ಕೂರದ ಅಂಗಿ

ಸಂಜೆಯಾದರೆ ಸಾಕು, ನಮ್ಮ ಪಕ್ಕದ ಮನೆಯಿಂದ ಹೊಲಿಗೆ ಮೆಷಿನ್ನಿನ ಸದ್ದು ಶುರುವಾಗುತ್ತಿತ್ತು. ನಾವು ಟಿವಿಯ ಸದ್ದು ಏರಿಸುತ್ತಿದ್ದೆವು, ಅವರು ಮೆಷಿನ್ನಿನ ವೇಗ ಏರಿಸುತ್ತಿದ್ದರು. ಅಷ್ಟು ದುಡಿದರೂ ಆ ಹೆಂಗಸಿನ ಕೆಲಸ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುತ್ತಿರಲಿಲ್ಲ. ಕಷ್ಟಪಡುವುದಕ್ಕೂ ಮುಂದೆ ಹೋಗುವುದಕ್ಕೂ ವ್ಯತ್ಯಾಸವಿದೆ ಎಂದು ನನಗೆ ಗೊತ್ತಾದದ್ದೇ ಆಕೆಯನ್ನು ನೋಡಿ.

ಬೀದಿಯವರೆಲ್ಲ ಆಕೆಯನ್ನು ಕಾಲರಮ್ಮ ಎಂದೇ ಕರೆಯುತ್ತೇವೆ. ಆಕೆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆಯವಳು. ಅಲ್ಲಿ ಒಂದು ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಸಾಲಾಗಿ ಕೂತವರಲ್ಲಿ ಒಬ್ಬರು ಜೇಬು, ಇನ್ನೊಬ್ಬರು ತೋಳು, ಮತ್ತೊಬ್ಬರು ಗುಂಡಿ. ಕಾಲರಮ್ಮನಿಗೆ ಸೇರಿದ ದಿನದಿಂದಲೂ ಕಾಲರ್ ಮಾತ್ರ. ಅದನ್ನು ಆಕೆ ಕಣ್ಣು ಮುಚ್ಚಿಕೊಂಡು ಹೊಲಿಯಬಲ್ಲಳು, ತುದಿ ಎರಡೂ ಒಂದೇ ಅಳತೆಗೆ ಚೂಪಾಗಿ ನಿಲ್ಲುತ್ತವೆ.

ಆದರೆ ಆಕೆಗೊಂದು ಆಸೆ ಇತ್ತು. ಫ್ಯಾಕ್ಟರಿಯ ಮೇಲಿನ ಮಹಡಿಯಲ್ಲಿ ಸ್ಯಾಂಪಲ್ ರೂಮ್ ಇದೆ. ಹೊಸ ನಮೂನೆಯ ಅಂಗಿ ಬಂದಾಗ ಅದನ್ನು ಮೊದಲು ಪೂರ್ತಿಯಾಗಿ ಹೊಲಿದು ತೋರಿಸುವವರು ಅಲ್ಲಿ ಕೂರುತ್ತಾರೆ. ಕೆಳಗಿನ ಸಾಲಿನಿಂದ ಅಲ್ಲಿಗೆ ಹತ್ತಿ ಹೋದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಕೋರ್ಸ್ ಮುಗಿಸಿ ಹೊರಗಿನಿಂದ ಬಂದವರೇ ಎಲ್ಲ. ಕಾಲರಮ್ಮ ಅಲ್ಲಿಗೆ ಹೋಗಬೇಕು ಎಂದುಕೊಂಡಿದ್ದಳು. ದಾರಿಯಲ್ಲಿ ಯಾರದೋ ಮೈಮೇಲೆ ತಮ್ಮ ಫ್ಯಾಕ್ಟರಿಯ ಅಂಗಿ ಕಂಡರೆ ಅದರ ಕುತ್ತಿಗೆಯಷ್ಟೇ ನನ್ನದು ಎನಿಸಿ ಬೇಜಾರಾಗುತ್ತದೆ, ಇಷ್ಟು ವರ್ಷ ಹೊಲಿದರೂ ಪೂರ್ತಿ ಒಂದು ಅಂಗಿ ನನ್ನದು ಅಂತ ಇಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡಿದ್ದಳು.

ಆಕೆಯ ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಒಳ್ಳೆಯವನೇ, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ಈಗಿರುವ ಕೆಲಸಕ್ಕೆ ಏನು ಕಮ್ಮಿಯಾಗಿದೆ, ಗೊತ್ತಿಲ್ಲದ್ದಕ್ಕೆ ಕೈ ಹಾಕಿ ನಾಲ್ಕು ಜನರ ಮುಂದೆ ಯಾಕೆ ನಗೆಪಾಟಲಾಗಬೇಕು ಎನ್ನುವುದು ಅವನ ವಾದ. ಹೆಂಡತಿ ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬರುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ, ವಿಷಯ ಅಷ್ಟೇ.

ಅವನು ಹೆದರಿದ ಹಾಗೇ ಆಯಿತು. ಸ್ಯಾಂಪಲ್ ರೂಮಿನಲ್ಲಿ ಒಂದು ಜಾಗ ಖಾಲಿಯಾದಾಗ ಕಾಲರಮ್ಮ ಪರೀಕ್ಷೆಗೆ ಕೂತಳು. ಅಂಗಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯಬೇಕಿತ್ತು. ಕೈ ರೂಢಿಯಂತೆ ಕಾಲರಿಗೇ ಹೋಯಿತು. ಅದನ್ನು ತಿದ್ದಿ ತೀಡಿ ಚಿತ್ರದಂತೆ ಮಾಡುವಷ್ಟರಲ್ಲಿ ಸಮಯವೆಲ್ಲ ಕರಗಿತ್ತು. ಗಾಬರಿಯಲ್ಲಿ ತೋಳು ಕೂರಿಸಹೋಗಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಬಿಟ್ಟಳು. ಪರೀಕ್ಷೆ ನಡೆಸಿದ ಸ್ಯಾಂಪಲ್ ರೂಮಿನ ಮಾಸ್ಟರ್ ಕಾಲರನ್ನು ಹೊಗಳಿ, ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟರು. ಆ ಜಾಗಕ್ಕೆ ಯಾರೂ ಆಯ್ಕೆಯಾಗಲಿಲ್ಲ. ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಇಡುತ್ತೇವೆ, ಆಗಲೂ ಇಲ್ಲಿಯವರು ಸಿಗದಿದ್ದರೆ ಹೊರಗಿನವರನ್ನು ಕರೆಸುತ್ತೇವೆ ಎಂದರು.

"ಬರೀ ಕಾಲರ್ ಹಾಕ್ಕೊಂಡು ಓಡಾಡೋ ಊರು ಯಾವುದಾದ್ರೂ ಇದ್ರೆ ಹೇಳು, ಅಲ್ಲಿಗೇ ಹೋಗೋಣ" ಎಂದು ಗಂಡ ನಗಿಸಲು ನೋಡಿದ. ಆಕೆಗೆ ನಗು ಬರಲಿಲ್ಲ, ಅವಮಾನವಾಗಿತ್ತು. ಮಾರನೆಯ ದಿನದಿಂದಲೇ ಛಲ ಹಿಡಿದು ಮನೆಯಲ್ಲಿ ಅಭ್ಯಾಸ ಶುರು ಮಾಡಿದಳು. ನಾನು ಹೇಳಿದ ಮೆಷಿನ್ನಿನ ಸದ್ದು ಇದೇ.

ಎದುರು ಮನೆಯಲ್ಲಿ ಬಸ್ಸಕ್ಕ ಇದ್ದಾರೆ. ಸಿಟಿ ಬಸ್ ಓಡಿಸುತ್ತಾರೆ, ಯಾರ ಮುಲಾಜಿಗೂ ಬೀಳುವವರಲ್ಲ. ಒಂದು ರಜಾ ದಿನ ಕಾಲರಮ್ಮನ ಮನೆಗೆ ಬಂದವರು ಮೆಷಿನ್ನಿನ ಪಕ್ಕದ ಬುಟ್ಟಿಯನ್ನು ನೋಡಿದರು. ಅದರ ತುಂಬ ಹೊಲಿದ ಕಾಲರುಗಳೇ ಇದ್ದವು. ಎಲ್ಲವೂ ಅಂದವಾಗಿದ್ದವು. ಇಷ್ಟು ದಿನ ನಡೆದ ಅಭ್ಯಾಸವೆಲ್ಲ ಅಲ್ಲಿತ್ತು.

"ತೋಳು ಎಲ್ಲಿ?" ಎಂದು ಬಸ್ಸಕ್ಕ ಕೇಳಿದರು.

"ಅದು ನಂಗೆ ಸರಿಯಾಗಿ ಬರಲ್ಲ ಅಕ್ಕ."

"ಅದಕ್ಕೇ ಕೇಳಿದ್ದು ಕಣೇ."

ಬಸ್ಸಕ್ಕ ತಮ್ಮ ಕಥೆ ಹೇಳಿದರು. ಬಸ್ ಕಲಿಯುವಾಗ ಅವರು ಮುಂದಕ್ಕೆ ಚೆನ್ನಾಗಿಯೇ ಓಡಿಸುತ್ತಿದ್ದರಂತೆ. ರಿವರ್ಸ್ ಅಂದರೆ ಮಾತ್ರ ಭಯವಂತೆ. ಹಾಗಾಗಿ ದಿನವೂ ಮೈದಾನದಲ್ಲಿ ಮುಂದಕ್ಕೇ ಸುತ್ತು ಹೊಡೆದು, ಇವತ್ತು ತುಂಬ ಕಲಿತೆ ಎಂದುಕೊಂಡು ಮನೆಗೆ ಬರುತ್ತಿದ್ದರಂತೆ. ಪರೀಕ್ಷೆಯಲ್ಲಿ ರಿವರ್ಸ್ ತೆಗೆದುಕೊಳ್ಳುವಾಗ ನೆಟ್ಟಿದ್ದ ಕಂಬಗಳನ್ನೆಲ್ಲ ಕೆಡವಿ ಫೇಲಾದರಂತೆ.

"ಬರೋದನ್ನೇ ಮಾಡ್ತಿದ್ರೆ ಮನಸ್ಸಿಗೆ ಹಾಯಾಗಿರುತ್ತೆ. ಆದ್ರೆ ನಾವು ಇದ್ದಲ್ಲೇ ಇರ್ತೀವಿ" ಎಂದರು ಬಸ್ಸಕ್ಕ. "ಆಮೇಲೆ ನಾನು ದಿನಾ ರಿವರ್ಸೇ ತಗೊಂಡೆ. ಅದೂ ಹೊರಗಡೆ ಒಬ್ಬರನ್ನ ನಿಲ್ಲಿಸ್ಕೊಂಡು. ತಪ್ಪಾದ್ರೆ ಮುಲಾಜಿಲ್ದೆ ಹೇಳಬೇಕು ಅಂತ ಹೇಳಿಟ್ಟಿದ್ದೆ."

ಗಂಡ ಅಲ್ಲೇ ಕೂತು ಕುಂಚ ತೊಳೆಯುತ್ತಿದ್ದ. ತೋಳು ಮುಖ್ಯ ಅಂತ ಇವಳಿಗೆ ಗೊತ್ತಿಲ್ಲವೇ, ಬರುವುದಿಲ್ಲ ಎಂದ ಮೇಲೆ ಬಿಡುವುದು ಒಳ್ಳೆಯದಲ್ಲವೇ ಎಂದು ಮಧ್ಯೆ ಬಾಯಿ ಹಾಕಿದ. ಬಸ್ಸಕ್ಕ ಅವನ ಕಡೆ ತಿರುಗಿದರು. ದಿನವಿಡೀ ಕೈ ಮೇಲೆತ್ತಿ ಚಾವಣಿಗೆ ಬಣ್ಣ ಬಳಿಯುವವನು ನೀನು, ಅಂಗಿಯ ತೋಳು ಎಲ್ಲಿ ಹಿಡಿಯುತ್ತದೆ ಎಂದು ನಿನಗಿಂತ ಚೆನ್ನಾಗಿ ಯಾರು ಹೇಳುತ್ತಾರೆ, ಇವಳು ಹೊಲಿದದ್ದನ್ನು ಹಾಕಿಕೊಂಡು ಕೆಲಸಕ್ಕೆ ಹೋಗು ಎಂದರು. ಬಸ್ಸಕ್ಕನಿಗೆ ಎದುರಾಡುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ.

ಅಂದಿನಿಂದ ಕಾಲರಮ್ಮ ಮನೆಯಲ್ಲಿ ಕಾಲರನ್ನು ಮುಟ್ಟಲಿಲ್ಲ. ಹಳೆಯ ಬೆಡ್‌ಶೀಟುಗಳನ್ನು ಕತ್ತರಿಸಿ ಕಾಲರಿಲ್ಲದ ಅಂಗಿ ಹೊಲಿದಳು. ತೋಳಿನ ಬಟ್ಟೆ ಅದು ಕೂರುವ ಕಂಕುಳ ಸುತ್ತಿಗಿಂತ ಕೊಂಚ ದೊಡ್ಡದಿರುತ್ತದೆ. ಆ ಹೆಚ್ಚಿನದನ್ನು ನೆರಿಗೆ ಬೀಳದಂತೆ ನಿಧಾನವಾಗಿ ಒಳಗೆ ಸೇರಿಸಬೇಕು. ಇವಳು ಕಾಲರ್ ಎಳೆದ ಹಾಗೆ ಬಟ್ಟೆಯನ್ನು ಬಿಗಿಯಾಗಿ ಎಳೆಯುತ್ತಿದ್ದಳು. ಕಾಲರಿಗೆ ಆ ಬಿಗಿ ಬೇಕು, ತೋಳಿಗೆ ಅದೇ ಶತ್ರು.

ಮೊದಲ ಅಂಗಿ ಹಾಕಿಕೊಂಡು ಹೋದ ಗಂಡನಿಗೆ ಕೈ ಭುಜದಿಂದ ಮೇಲಕ್ಕೇ ಏಳಲಿಲ್ಲ. ಎರಡನೆಯದು ಕೈ ಎತ್ತಿದ ಕೂಡಲೇ ಹೊಟ್ಟೆ ಬಿಟ್ಟು ಎದೆಗೆ ಏರಿತಂತೆ. ಜೊತೆಯ ಕೆಲಸದವರು ದಿನಕ್ಕೊಂದು ಹೂವಿನ ಬೆಡ್‌ಶೀಟ್ ಉಟ್ಟು ಬರುತ್ತಾನೆ ಎಂದು ಬಿದ್ದು ಬಿದ್ದು ನಕ್ಕರು. ಅವನು ಮನೆಗೆ ಬಂದು ಗೊಣಗುತ್ತಲೇ ಎಲ್ಲಿ ಹಿಡಿಯಿತು, ಎಲ್ಲಿ ಹರಿಯಿತು ಎಂದು ತೋರಿಸುತ್ತಿದ್ದ. ಆಕೆ ಮುನಿಸಿಕೊಳ್ಳದೆ ಕೂತು ಹೊಲಿಗೆ ಬಿಚ್ಚುತ್ತಿದ್ದಳು. ಕೆಲವು ಸಂಜೆ ಅಳುವೂ ಬಂದದ್ದುಂಟು, ಸುಳ್ಳು ಯಾಕೆ ಹೇಳಲಿ. ಅತ್ತು ಮುಖ ತೊಳೆದುಕೊಂಡು ಮತ್ತೆ ಬಿಚ್ಚುತ್ತಿದ್ದಳು. ಅದನ್ನು ನೋಡುತ್ತಾ ನೋಡುತ್ತಾ ಗಂಡನ ಗೊಣಗಾಟ ಕಡಿಮೆಯಾಯಿತು. ಬಣ್ಣದ ಡಬ್ಬಿಗಳನ್ನು ಜರುಗಿಸಿ ಆಕೆಗೆ ಬೆಳಕಿರುವ ಮೂಲೆಯಲ್ಲಿ ಜಾಗ ಮಾಡಿಕೊಟ್ಟ.

ಒಂದು ದಿನ ಅವನು ಬಂದವನೇ ಕೈಕಾಲು ತೊಳೆದು ಊಟಕ್ಕೆ ಕೂತ. ಎಂದಿನಂತೆ ಎಲ್ಲಿ ಹಿಡಿಯಿತು ಎಂದು ತೋರಿಸಲಿಲ್ಲ. ಆಕೆಯೇ ಕೇಳಿದಳು.

"ರೀ, ಇವತ್ತು ಅಂಗಿ ಹೆಂಗಿತ್ತು?"

"ಅಂಗಿನಾ? ಅದರ ನೆನಪೇ ಬರ್ಲಿಲ್ಲ ನೋಡು" ಎಂದ ಅವನು. ದಿನವಿಡೀ ಚಾವಣಿಗೆ ಬಣ್ಣ ಬಳಿದಿದ್ದ. ಹೇಳಿದ ಮೇಲೆ ಅವನಿಗೂ ಅರ್ಥವಾಯಿತು, ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಆಕೆಗೆ ಅಷ್ಟು ಖುಷಿಯಾದದ್ದನ್ನು ಅವರ ಬಾಗಿಲಲ್ಲಿ ನಿಂತಿದ್ದ ನಾನು ಬಹಳ ದಿನಗಳ ಮೇಲೆ ನೋಡಿದೆ.

ಎರಡನೆಯ ಪರೀಕ್ಷೆಯ ದಿನ ಕೊಟ್ಟದ್ದು ಜಾರುವ ನುಣುಪು ಬಟ್ಟೆ. ಬೆಡ್‌ಶೀಟಿನಲ್ಲಿ ಕಲಿತ ಕೈಗೆ ಅದು ಹೊಸದು. ಎಡದ ತೋಳು ಚೆನ್ನಾಗಿ ಕೂತಿತು. ಬಲದ ತೋಳಿನ ಹಿಂದೆ ಸಣ್ಣ ನೆರಿಗೆ ಬಿತ್ತು. ಇಸ್ತ್ರಿ ಒತ್ತಿದರೆ ಸದ್ಯಕ್ಕೆ ಕಾಣುವುದಿಲ್ಲ, ಹಾಕಿಕೊಂಡು ಕೈ ಆಡಿಸಿದರೆ ತಾನಾಗಿ ಎದ್ದು ಬರುತ್ತದೆ. ಆಕೆಯ ಕೈ ಇಸ್ತ್ರಿಪೆಟ್ಟಿಗೆಯ ತನಕ ಹೋಗಿತ್ತಂತೆ. ಪಕ್ಕದಲ್ಲಿದ್ದವರು ಆಗಲೇ ಅಂಗಿ ಮುಗಿಸಿ ಮಡಚುತ್ತಿದ್ದರು. ಆಕೆ ವಾಪಸು ಕೂತು ಆ ಹೊಲಿಗೆಯನ್ನು ಪೂರ್ತಿ ಬಿಚ್ಚಿದಳು.

ಸಮಯ ಮುಗಿದಾಗ ತೋಳು ಕೂತಿತ್ತು. ಕೆಳಗಿನ ಒಂದು ಗುಂಡಿ ಹಾಕುವುದು ಮಾತ್ರ ಉಳಿದಿತ್ತು. ಯಾಕೆ ಎಂದು ಮಾಸ್ಟರ್ ಕೇಳಿದರು.

"ತೋಳು ಸರಿ ಕೂರ್ಲಿಲ್ಲ ಸರ್. ಬಿಚ್ಚಿ ಮತ್ತೆ ಹಾಕಿದೆ. ಗುಂಡಿಗೆ ಟೈಮ್ ಸಾಲಲಿಲ್ಲ."

ಮಾಸ್ಟರ್ ತಮ್ಮ ಅಂಗಿಯ ಮೇಲೆಯೇ ಅದನ್ನು ಹಾಕಿಕೊಂಡು ಎರಡೂ ಕೈಗಳನ್ನು ಎತ್ತಿ ಇಳಿಸಿದರು, ಬೆನ್ನ ಹಿಂದೆ ಕಟ್ಟಿ ನೋಡಿದರು. ಆಮೇಲೆ, "ಗುಂಡಿ ಯಾರು ಬೇಕಾದ್ರೂ ಹಾಕ್ತಾರಮ್ಮ. ತಾವು ಹೊಲಿದಿದ್ದನ್ನ ತಾವೇ ಬಿಚ್ಚೋರು ನಂಗೆ ಬೇಕಿತ್ತು. ಸೋಮವಾರದಿಂದ ಮೇಲೆ ಬನ್ನಿ" ಎಂದರು.

ಸುದ್ದಿ ಕೇಳಿದ ಗಂಡ ತಾನು ಹೆದರಿದ್ದು ತಪ್ಪು ಎಂದು ಆಕೆಯ ಮುಂದೆಯೇ ಒಪ್ಪಿಕೊಂಡ. ಈಗ ಅವನೂ ಬಾಗಿಲು ಕಿಟಕಿಗಳಿಗೆ ಮರದ ನಾರು ಮೂಡುವಂತೆ ಬಣ್ಣ ಹಚ್ಚುವುದನ್ನು ಕಲಿಯುತ್ತಿದ್ದಾನೆ. ಮೊದಲ ಹಲಗೆ ನೋಡಿದೆ, ಮರ ಹೋಗಲಿ, ಮಣ್ಣಿನ ಹಾಗೂ ಇರಲಿಲ್ಲ. ಕೆರೆದು ತೆಗೆದು ಇನ್ನೊಮ್ಮೆ ಹಚ್ಚುತ್ತಿದ್ದಾನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೂ ದೊಡ್ಡದೊಂದು ಆಸೆ ಇರುತ್ತದೆ. ಅದರಲ್ಲಿ ನಿಮಗೆ ಬಾರದ, ನೀವು ನಾಳೆ ನಾಳೆ ಎಂದು ತಪ್ಪಿಸಿಕೊಳ್ಳುತ್ತಿರುವ ಒಂದು ಭಾಗ ಯಾವುದು ಎಂದು ಕೇಳಿಕೊಳ್ಳಿ. ಓದಿನಲ್ಲಿ ಲೆಕ್ಕವಿರಬಹುದು, ವ್ಯಾಪಾರದಲ್ಲಿ ಗಿರಾಕಿಯ ಜೊತೆ ಮಾತಾಡುವುದಿರಬಹುದು. ಇವತ್ತು ಅದನ್ನೇ ಮೊದಲು ಮಾಡಿ. ಕೆಟ್ಟದಾಗಿ ಬರುತ್ತದೆ, ಬರಲಿ. ಮುಖಕ್ಕೆ ಹೊಡೆದಂತೆ ನಿಜ ಹೇಳುವ ಒಬ್ಬರನ್ನು ಹತ್ತಿರ ಇಟ್ಟುಕೊಳ್ಳಿ. ಇನ್ನು, ನಿಮ್ಮ ಮನೆಯಲ್ಲೇ ಯಾರಾದರೂ ಇಂಥ ಆಸೆ ಹೇಳಿಕೊಂಡರೆ ಬುದ್ಧಿ ಹೇಳಲು ಹೋಗಬೇಡಿ. ಪಕ್ಕದಲ್ಲಿ ಕೂತು, ನನ್ನಿಂದ ಏನಾಗಬೇಕು ಹೇಳು ಎಂದು ಕೇಳಿ.